ಚೌರಪ್ಪನ ಕೊಳಕು ಕಾಲು

ಕೇಳ್ರಪ್ಪೋ ಕೇಳಿ! ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲ. ಯಾವುದೋ ಒಂದು ನಾಡು, ನಾಡಿಗೊಂದು ಊರು, ಊರಿಗೊಂದು ಚರ್ಚು. ಇದೆಲ್ಲ ನಾನೇ ಕಣ್ಣಾರೆ ಕಂಡಿದ್ದು. ಆಗಿನ್ನೂ ನಾನು ಹುಟ್ಟಿರಲಿಲ್ಲ, ಅದು ಬೇರೆ ಮಾತು.

ಆ ಊರಿನ ಪದ್ಧತಿ ಏನು ಗೊತ್ತೆ? ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಗುರುವಾರ ಬಂತೆಂದರೆ, ನೊಂದವರು ನೋಯಿಸಿದವರ ಕಾಲು ತೊಳೆಯಬೇಕು. ಹೌದ್ರಪ್ಪ, ನೊಂದವರೇ! ನನ್ನ ಮುಖ ಏನು ನೋಡ್ತೀರಿ? ಪದ್ಧತಿ ನಾನು ಮಾಡಿದ್ದಲ್ಲ. ತೊಳೆಯದವರಿಗೆ ಈಸ್ಟರ್ ಭಾನುವಾರ ಪೀಠದ ಮುಂದೆ ಕೊಡುವ ಪರಮಪ್ರಸಾದದ ರೊಟ್ಟಿ ಇಲ್ಲ.

ಆ ಊರಲ್ಲಿ ಇನ್ನಾಸಮ್ಮ ಅಂತ ಒಬ್ಬಳು ವಿಧವೆ, ಅವಳಿಗೊಬ್ಬಳು ಪುಟ್ಟ ಮಗಳು. ಪಕ್ಕದ ಮನೆಯಲ್ಲಿ ಒಂಟಿ ಮುದುಕ ಚೌರಪ್ಪ, ಎಮ್ಮೆ ಕಾಯುವವನು. ಮೊದಲ ವರ್ಷ ಚೌರಪ್ಪ ಅವಳ ನುಗ್ಗೆಮರ ಕಡಿದ. ಗುರುವಾರ ಸಗಣಿ ಮೆತ್ತಿದ ಕಾಲಲ್ಲೇ ಬಂದು ಚಾಚಿದ. ಇನ್ನಾಸಮ್ಮ ಹಲ್ಲು ಕಚ್ಚಿ ತೊಳೆದಳು. ಎರಡನೆಯ ವರ್ಷ ಅವಳ ಅವರೆ ಹೊಲಕ್ಕೆ ಎಮ್ಮೆ ನುಗ್ಗಿಸಿದ. ಗುರುವಾರ ಮೊಣಕಾಲವರೆಗೆ ಕೆರೆ ಕೆಸರು. ತೊಳೆದಳು. ಮೂರನೆಯ ವರ್ಷ? ಬಾವಿಕಟ್ಟೆಯಲ್ಲಿ ಹತ್ತು ಜನರ ಮುಂದೆ, "ಇನ್ನಾಸಮ್ಮನ ಮಗಳಿಗೆ ಒಂದು ಜಪ ನೆಟ್ಟಗೆ ಬರಲ್ಲ, ಅವಳಿಗ್ಯಾಕೆ ಪ್ರಸಾದ?" ಅಂದುಬಿಟ್ಟ!

ಆ ಈಸ್ಟರಿಗೇ ಮಗಳ ಮೊದಲ ಪರಮಪ್ರಸಾದ. ಅವ್ವ ಮಗಳು ಜೊತೆಯಾಗಿ ಪೀಠದ ಮುಂದೆ ನಿಲ್ಲಬೇಕೆಂದು ಇನ್ನಾಸಮ್ಮ ವರ್ಷವಿಡೀ ಕಾದಿದ್ದಳು. ಚರ್ಚಿನ ಪಾದ್ರಿ ಸ್ವಾಮಿಗಳ ಹತ್ತಿರ ಓಡಿದಳು.

"ಸ್ವಾಮಿ, ನನ್ನ ಕೈಲಾಗಲ್ಲ. ನನ್ನನ್ನ ಅಂದಿದ್ರೆ ನುಂಗ್ಕೋತಿದ್ದೆ. ನನ್ನ ಕೂಸನ್ನ ಅಂದವ್ನೆ!"

ಚರ್ಚಿನ ಸ್ವಾಮಿಗಳು ನಿಟ್ಟುಸಿರು ಬಿಟ್ಟರು. "ಶಿಲುಬೆ ಮೇಲಿದ್ದೋನು ಮೊಳೆ ಹೊಡೆದೋರನ್ನೇ ಕ್ಷಮಿಸು ಅಂದ, ತಾಯಿ."

"ಅವನ ಪಕ್ಕದ ಮನೇಲಿ ಚೌರಪ್ಪ ಇರ್ಲಿಲ್ಲ, ಸ್ವಾಮಿ!"

ಗುರುವಾರ ಬಂತು. ಮಗಳ ಮುಖ ನೋಡಿ ಬಿಂದಿಗೆ ಎತ್ತಿಕೊಂಡು ಹೋದಳು. ಚೌರಪ್ಪನ ಕಾಲಲ್ಲಿ ಈ ಸಲ ಸಗಣಿ, ಕೆಸರು, ಬೂದಿ, ಮೂರೂ ಇತ್ತು! ತೆಂಗಿನ ನಾರು ಹಿಡಿದು, ತಳ ಹತ್ತಿದ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದಳು. ಮುದುಕ ಕಾಲನ್ನು ಇನ್ನಷ್ಟು ಮುಂದೆ ಚಾಚಿದ. ತಲೆಯೆತ್ತಿ ನೋಡಿದರೆ ಅವನ ಕಣ್ಣಲ್ಲಿ ನೀರು.

"ಉರೀತಾ?"

"ಇಲ್ಲವ್ವ. ನಮ್ಮವಳು ಹೋದ ಮೇಲೆ ನನ್ನ ಮೈ ಮುಟ್ಟೋರಿಲ್ಲ. ನೋಯಿಸಿದ್ರೆ ತಾನೆ ನೀನು ಕಾಲು ತೊಳೆಯೋದು?"

ಇನ್ನಾಸಮ್ಮ ನಾರು ಬಿಸಾಕಿದಳು.

"ಅಯ್ಯೋ ನಿನ್ನ! ಅದಕ್ಕೆ ಮರ ಕಡೀಬೇಕಿತ್ತಾ? ಅವರೆ ಮೇಯಿಸಬೇಕಿತ್ತಾ? ಕೂಸನ್ನ ಅನ್ನಬೇಕಿತ್ತಾ? ಒಂದು ಮಾತು ಕೇಳೋಕೆ ಬಾಯಿರಲಿಲ್ವಾ ನಿನಗೆ?"

ಬೈತಾ ಬೈತಾ ಇನ್ನೊಂದು ಕಾಲೂ ತೊಳೆದಳು, ಬರಿಗೈಯಲ್ಲಿ, ಮೆತ್ತಗೆ. ಸೆರಗಿನಲ್ಲಿ ಒರೆಸಿದಳು. ಭಾನುವಾರ ಅವ್ವ ಮಗಳು ಜೊತೆಯಾಗೇ ಪೀಠದ ಮುಂದೆ ನಿಂತರು.

ಮರುವರ್ಷದ ಗುರುವಾರ ಚೌರಪ್ಪ ಚರ್ಚಿನ ಬಾಗಿಲ ಮರೆಯಲ್ಲಿ ನಿಂತಿದ್ದ. ಕಾಲು ತಾನೇ ತೊಳೆದುಕೊಂಡು ಬಂದಿದ್ದ.

"ಈ ವರ್ಷ ನಾನೇನೂ ಮಾಡಿಲ್ಲ, ಇನ್ನಾಸಮ್ಮ. ನೀನು ತೊಳೆಯೋ ಹಾಗಿಲ್ಲ."

"ಗೊತ್ತು, ಬಾಯ್ಮುಚ್ಕೊಂಡು ಕೂತ್ಕೊ. ಕಾಲು ಚಾಚು."

ಅವಳ ಬಿಂದಿಗೆ ಬರಿದಾಯಿತು, ನನ್ನ ಗಂಟಲು ಒಣಗಿತು. ಕಥೆ ನಿಮ್ಮ ಪಾಲಿಗೆ, ಮಜ್ಜಿಗೆ ನನ್ನ ಪಾಲಿಗೆ. ಯಾರಾದರೂ ಏಳ್ರಪ್ಪ!