ಮಾಲಿಯ ಗದ್ದಿಗೆ

ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ಮಹೇಶ್ವರಿ ಬ್ಯಾಡಗಿ ಬಸ್ಸಿಗೆ ಕಾಯುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಒಬ್ಬ ಮುದುಕಿ, ಪಕ್ಕದಲ್ಲಿ ಅವಳ ಮಗ. ಎಡೆಗೆಂದು ಕಟ್ಟಿಕೊಂಡ ಬುತ್ತಿ ಮುದುಕಿಯ ಮಡಿಲಲ್ಲಿ ಹಾಗೇ ಇತ್ತು. ಅವರಿಬ್ಬರ ಮಾತು ಮಹೇಶ್ವರಿಯ ಕಿವಿಗೆ ಬೀಳುತ್ತಿತ್ತು.

“ಮೂವತ್ತು ವರ್ಷ ಆ ಹೊಳಿದಂಡಿ ಬಂಗಲೇದಾಗ ಕಸಾ ಹೊಡದೀನಿ. ಇವತ್ತು ನನಗ ಚೀಟಿ ಕೇಳತಾರ.”

“ಈಗದು ಗಿರಣಿ ಸಾವುಕಾರರ ಬಂಗಲೆ ಅಲ್ಲಬೇ. ಅವರ ಮಕ್ಕಳು ಆಶ್ರಮಕ್ಕ ಬರದುಕೊಟ್ಟಾರ. ಚೀಟಿ ಇದ್ದ ಭಕ್ತರನಷ್ಟ ಒಳಗ ಬಿಡತಾರ.”

“ನಿಮ್ಮಪ್ಪನ್ನ ಮಾವಿನ ಗಿಡದ ಬುಡಕ ಮಣ್ಣು ಮಾಡ್ರಿ ಅಂದಾವರು ಸಾವುಕಾರರೇ. ತಾನು ಹಚ್ಚಿದ ತೋಟದಾಗ ಗುಡ್ಡಪ್ಪ ಇರಲಿ ಅಂದ್ರು.”

“ಈಗ ಅದಕ್ಕ ಕಟ್ಟಿ ಕಟ್ಟಿಸಿ, ಯಾರೋ ಸಿದ್ಧರ ಗದ್ದಿಗೆ ಅಂತ ಬೋರ್ಡ್ ಹಾಕ್ಯಾರ. ಮಂದಿ ಅಡ್ಡಬೀಳೂದು ಗೇಟಿನ ಸಂದಿಲೆ ನೋಡಿದಿಲ್ಲ?”

“ನೋಡಿದೆ. ಸಾಯೂತನಕ ಬೀಡಿ ಬಿಡಲಿಲ್ಲ, ಅಂವಗ ಊದಿನಕಡ್ಡಿ ಹಚ್ಚಾಕತ್ತಾರ.”

ಮುದುಕಿ ನಕ್ಕಳು. ನಗು ಅರ್ಧಕ್ಕೇ ನಿಂತಿತು.

“ನಾಳೆ ಹೋಗಿ ಹೇಳತೇನಿ, ಅದು ನಮ್ಮಪ್ಪನ ಸಮಾಧಿ ಅಂತ.”

“ಹೇಳಿದ್ರ ಏನಾಕ್ಕೈತಿ?”

“ನಿನ್ನ ಒಳಗ ಬಿಡತಾರ.”

“ಹುಚ್ಚಪ್ಯಾಲಿ. ಮಾಲಿ ಹೆಣ ಅಂತ ಗೊತ್ತಾದ್ರ ಅಗದು ಹೊರಗ ಒಗೀತಾರ. ಬಾಯಿ ಬಿಚ್ಚಬ್ಯಾಡ.”

“ಮತ್ತ ವರ್ಷಾ ವರ್ಷಾ ಹಿಂಗ ಎಡಿ ಹೊತಗೊಂಡು ತಿರುಗಿ ಬರೂದೇನು?”

ಹಾವೇರಿ ಬಸ್ಸು ಬಂತು. ಮಗ ಮೊದಲು ಹತ್ತಿ ಕೈ ಚಾಚಿದ. ಮುದುಕಿ ಬುತ್ತಿಯನ್ನು ಬಗಲಲ್ಲಿ ಒತ್ತಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟಳು.

“ಚನ್ನೇಶಾ, ನನಗೂ ಒಂದು ಚೀಟಿ ಮಾಡಸು. ಸಿದ್ಧರ ಭಕ್ತರು ಅಂತ ಬರಸು.”