ಇನ್ನೊಂದೇ ಒಂದು ಅಂಕಿ ಬೇಕು

...ನೋಡಿ, ನೋಡಿ, ಮತ್ತೆ ಬಿತ್ತು! ನಾನು ಹೇಳಲಿಲ್ವಾ? ಏರೋದೇನೋ ಜೋರಾಗೇ ಏರುತ್ತೆ, ಆಮೇಲೆ ಜಾರುಬಂಡೆ ಮೇಲೆ ಕೂತ ಹಾಗೆ ಸರ್ರಂತ ಕೆಳಗೆ. ಪರದೆ ಮೇಲಿನ ಆ ಗೆರೆ ಮೇಲೇ ನಿಲ್ಲಬೇಕಲ್ವಾ? ಎರಡು ನರಕೋಶಗಳ ನಡುವಿನ ಬೆಸುಗೆ ಒಂದು ಸಲ ಗಟ್ಟಿಯಾದ್ರೆ ಗಟ್ಟಿಯಾಗೇ ಉಳೀಬೇಕು, ಅದಕ್ಕೇ ತಾನೇ ನೆನಪು ಅನ್ನೋದು? ನನ್ನ ಕಂಪ್ಯೂಟರ್ ಮಾಡೆಲ್ ನೋಡಿದ್ರೆ ಕಲಿತ ಮರುಗಳಿಗೆಗೇ ಮರೆತು ಕೂತಿರುತ್ತೆ. ತಪ್ಪು ನಂದಲ್ಲ, ನೀವು ಕೊಟ್ಟ ಅಂಕೀದು. ಯಾಕೆ ನಗ್ತೀರಿ?

ನಗಬೇಡಿ ಸೂಜಿ ಸಾಹೇಬ್ರೇ. ಕೆಳಗಿನ ಮಹಡೀಲಿ ಇಲಿ ಮಿದುಳಿನ ಚೂರಿಗೆ ಗಾಜಿನ ಸೂಜಿ ಚುಚ್ಚಿ, ಕ್ಯಾಲ್ಸಿಯಂ ಎಷ್ಟು ನುಗ್ಗಿತು ಅಂತ ಅಳೆಯೋರು ನೀವು. ಮೇಲಿನ ಮಹಡೀಲಿ ಕೂತು ಆ ಅಂಕೀನ ಸಮೀಕರಣಕ್ಕೆ ಉಣಿಸೋಳು ನಾನು. ನಿಮ್ಮ ಕಡೆಯೋರು ನನ್ನ ಕೆಲಸಾನ ಪುಸ್ತಕದ ಬದನೆಕಾಯಿ ಅಂತಾರಂತೆ... ಗೊತ್ತು, ಎಲ್ಲಾ ಗೊತ್ತು. ಅದಕ್ಕೇ ಕೇಳ್ತಿರೋದು, ಇನ್ನೊಂದೇ ಒಂದು ಅಂಕಿ ತಂದುಕೊಡಿ ಅಂತ. ಸಣ್ಣದು. ಕ್ಯಾಲ್ಸಿಯಂ ಬಂದು ಹೋದ ಮೇಲೆ ಎಷ್ಟು ಉಳೀತು, ಅಷ್ಟೇ. ಏನು, ಹೋದ ವಾರ ಕೊಟ್ಟಿದ್ರಾ? ಕೊಟ್ಟಿದ್ರಿ... ಹೌದು, ಕೊಟ್ಟಿದ್ರಿ. ಆದ್ರೆ ಆವತ್ತು ನಿಮಗೆ ನೆಗಡಿ ಇತ್ತು. ನೆಗಡಿ ಇದ್ದೋರ ಕೈ ನಡುಗುತ್ತೆ.

ಬಾಯಿ ಮುಚ್ಕೊಂಡು ನಗೋದೂ ನಗೋದೇ, ಗೊತ್ತಾಯ್ತಾ?

ನಮ್ಮ ಅತ್ತಿಗೇನೂ ಹೀಗೇ. ಮೊನ್ನೆ ಊಟಕ್ಕೆ ಕೂತಾಗ ಕೇಳಿದ್ರು, ಅದೇನಮ್ಮಾ ಮೂರು ಹೊತ್ತೂ ಕ್ಯಾಲ್ಸಿಯಂ ಕ್ಯಾಲ್ಸಿಯಂ ಅಂತೀಯ, ಮೂಳೆ ಡಾಕ್ಟರಾ ನೀನು ಅಂತ. ನಾನಂದೆ, ಅತ್ತಿಗೆ, ಒಂದೇ ಮನೇಲಿ ಇಬ್ಬರು ವಾರಗಿತ್ತಿಯರು ಇದಾರೆ ಅಂದ್ಕೊಳಿ. ಒಬ್ಬಳು ಬೆಸುಗೆ ಕಟ್ಟೋ ಕಿಣ್ವ, ಇನ್ನೊಬ್ಬಳು ಕೆಡವೋ ಕಿಣ್ವ. ಇಬ್ಬರನ್ನೂ ಎಬ್ಬಿಸೋದು ಕ್ಯಾಲ್ಸಿಯಮ್ಮೇ. ಮೆಲ್ಲಗೆ ಕದ ತಟ್ಟಿದ್ರೆ ಕೆಡವೋಳು ಏಳ್ತಾಳೆ, ಅವಳ ಕಿವಿ ಚುರುಕು. ದಬದಬ ಅಂತ ನುಗ್ಗಿದ್ರೆ ಮಾತ್ರ ಕಟ್ಟೋಳು ಏಳೋದು. ಆದ್ರೆ ಅವಳು ಒಂದು ಸಲ ಎದ್ದಳೋ, ತನ್ನನ್ನ ತಾನೇ ಎಬ್ಬಿಸ್ಕೊಂಡಿರ್ತಾಳೆ, ಕ್ಯಾಲ್ಸಿಯಂ ಹೊರಟು ಹೋದ್ಮೇಲೂ ಮಲಗಲ್ಲ ಅಂತ. ಇಷ್ಟೆಲ್ಲಾ ಗಂಟಲು ಹರ್ಕೊಂಡ್ರೆ ಅತ್ತಿಗೆ ತಟ್ಟೆ ಎತ್ತುತ್ತಾ ಕೇಳಿದ್ದು ಒಂದೇ ಮಾತು: "ಸರಿ, ಆ ಸೂಜಿಯವರು ಇವತ್ತೂ ಬಂದಿದ್ರಾ?"

ಅದಕ್ಕೂ ಇದಕ್ಕೂ ಏನು ಸಂಬಂಧ ಹೇಳಿ!

ವಿಷಯಕ್ಕೆ ಬರ್ತೀನಿ. ಇನ್ನು ಸ್ವಲ್ಪ ಹೊತ್ತಿಗೆ ನನ್ನ ಗೈಡ್ ಮೇಡಂ ಬರ್ತಾರೆ, ಗೆರೆ ನಿಂತಿದೆಯಾ ಇಲ್ವಾ ನೋಡೋಕೆ. ನಿಂತ್ರೆ ನನ್ನ ಸಂಶೋಧನೆ ಮುಗೀತು, ಪದವಿ ಕೈಗೆ ಬಂದ ಹಾಗೇ. ಇಲ್ಲಿ ನಿಮ್ಮ ಕೆಲಸಾನೂ ಮುಗೀತು. ನಿಮ್ಮನ್ನ ಬೇರೆ ಊರಲ್ಲಿ ಹೃದಯದ ಕೋಶ ನೋಡೋ ತಂಡಕ್ಕೆ ಕಳಿಸೋದು ಅಂತ ಆಗಲೇ ಮಾತಾಗಿದೆಯಂತೆ, ಈ ಮಾಡೆಲ್ ಒಂದು ಮುಗೀಲಿ ಅಂತ ಕಾಯ್ತಿದಾರೆ. ನಿಲ್ಲದಿದ್ರೆ ಮೇಡಂ ನನ್ನ ಗ್ರಹಚಾರ ಬಿಡಿಸ್ತಾರೆ, ನೀವು ಇನ್ನಷ್ಟು ದಿನ ಈ ಮೆಟ್ಟಿಲು ಹತ್ತಬೇಕಾಗುತ್ತೆ, ಪಾಪ. ಸುಮ್ನೆ ಹೇಳಿದೆ. ನನಗೇನು? ಅಲ್ಲಿ ಕಾಫಿ ಯಂತ್ರ ಯಾವತ್ತೂ ಕೆಟ್ಟಿರಲ್ವಂತೆ. ಹೋಗಿ, ಆರಾಮಾಗಿರಿ.

ಏನು ಮಾಡ್ತಿದೀರಿ? ಕೀಬೋರ್ಡ್ ಯಾಕೆ ಎಳ್ಕೊಂಡ್ರಿ? ಅಯ್ಯೋ, ಅದೆಲ್ಲಾ ನಿಮಗೆ ಅರ್ಥ ಆಗಲ್ಲ ಬಿಡಿ, ಸಾವಿರಾರು ಸಾಲಿದೆ, ಕಣ್ಣು ನೋವು ಬರುತ್ತೆ. ಮೇಲೆ ಹೋಗಿ, ಮೇಲೆ, ಮೊದಲಲ್ಲಿ ನೋಡೋಕೆ ಚೆನ್ನಾಗಿದೆ. ಕೆಳಗೇನಿಲ್ಲ. ಕೆಳಗೆ ಹೋಗಬೇಡಿ ಅಂದ್ನಲ್ಲ...

ಓ. ಅದಾ. ಅದು ಕಟ್ಟೋಳು ತನ್ನನ್ನ ತಾನೇ ಎಬ್ಬಿಸ್ಕೊಳ್ಳೋ ಸಾಲು. ಮುಂದೆ ಏನೋ ಗುರುತಿದೆ, ಹೌದು... ಆ ಗುರುತು ಇದ್ರೆ ಕಂಪ್ಯೂಟರ್ ಆ ಸಾಲನ್ನ ಓದೋದೇ ಇಲ್ಲ, ಹಾರಿಸಿಬಿಡುತ್ತೆ. ಹೇಗೆ ಬಂತಪ್ಪಾ ಇದು? ಬೆರಳು ತಾಕಿರಬೇಕು. ಹೂಂ, ನಿನ್ನೆ ಕೀಬೋರ್ಡ್ ಒರೆಸ್ತಿದ್ದೆ, ಆವಾಗ... ಅಳಿಸೇಬಿಟ್ರಾ? ಈಗ ಮಾಡೆಲ್ ಓಡಿಸಬೇಡಿ, ಯಂತ್ರ ಬಿಸಿಯಾಗಿದೆ...

ನಿಂತಿದೆ.

ಕ್ಯಾಲ್ಸಿಯಂ ಪೂರ್ತಿ ಇಳೀತು, ಗೆರೆ ಹಾಗೇ ನಿಂತಿದೆ. ಚೆನ್ನಾಗಿದೆ ಅಲ್ವಾ? ಏನಾದ್ರೂ ಅನ್ನಿ... ಬೈದ್ರೂ ಪರವಾಗಿಲ್ಲ. ಮೂಗು ಸೋರ್ತಿದ್ದೋರನ್ನ ಮೆಟ್ಟಿಲು ಹತ್ತಿಸಿದ್ದಕ್ಕಾದ್ರೂ ಬೈಯಿರಿ. ಹೌದು, ಆ ಗುರುತು ನಾನೇ ಹಾಕಿದ್ದು. ನೀವೋ ಮೇಡಮ್ಮೋ ಮೆಟ್ಟಿಲು ಹತ್ತೋ ಸದ್ದು ಕೇಳಿದ್ರೆ ಹಾಕ್ತೀನಿ, ಹೋದ್ಮೇಲೆ ತೆಗೀತೀನಿ. ಮಾಡೆಲ್ ಮುಗಿದು ಯಾವ ಕಾಲ ಆಯ್ತು. ನೀವು ಹೋಗೋದು ನನಗೆ ಬೇಡವಾಗಿತ್ತು, ಅಷ್ಟೇ. ಈಗ ನಗಿ, ಹೊಟ್ಟೆ ಹುಣ್ಣಾಗೋ ಹಾಗೆ ನಗಿ.

ಯಾಕೆ ನಗ್ತಿಲ್ಲ?

ಒಂದು ನಿಮಿಷ. ಇಷ್ಟು ಸಾವಿರ ಸಾಲಲ್ಲಿ ನೀವು ಸೀದಾ ಅಲ್ಲಿಗೇ ಹೋದ್ರಲ್ಲ. ಹುಡುಕಲೇ ಇಲ್ಲ... ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಚೂರು ಕೊಯ್ದು, ಸೂಜಿ ಚುಚ್ಚಿ, ಅದೇ ಅಂಕೀನ ಮತ್ತೆ ಮತ್ತೆ ಹೊತ್ಕೊಂಡು ಬಂದ್ರಾ? ಜ್ವರ ಬರೋ ಹಾಗಿದ್ದಾಗಲೂ? ಮಾತಾಡಿ. ಕಿವಿ ಕೆಂಪಗಾದ್ರೆ ಅದು ಉತ್ತರ ಆಗುತ್ತಾ?

ಶ್... ಮೇಡಂ ಚಪ್ಪಲಿ ಸದ್ದು. ಬಂದೇಬಿಟ್ರು. ಸರಿ, ತೋರಿಸಿಬಿಡ್ತೀನಿ, ಇರೋದನ್ನ ಇದ್ದ ಹಾಗೇ. ಎಷ್ಟು ದಿನ ಅಂತ ಎಳೆಯೋದು, ನಿಮಗೂ ಒಳ್ಳೇದಾಗ್ಲಿ... ಏನು ಮಾಡ್ತಿದೀರಿ? ಆ ಗುರುತು ಮತ್ತೆ ಯಾಕೆ ಹಾಕ್ತಿದೀರಿ?

ಬನ್ನಿ ಮೇಡಂ, ಕೂತ್ಕೊಳಿ. ಇಲ್ಲ ಮೇಡಂ... ಇವತ್ತೂ ನಿಲ್ಲಲಿಲ್ಲ. ಹೂಂ ಮೇಡಂ, ತಪ್ಪು ನಂದೇ, ಎಷ್ಟು ಬೇಕಾದ್ರೂ ಬೈಯಿರಿ. ನಗ್ತಿದೀನಾ? ನಾನಾ? ಇಲ್ವಲ್ಲ ಮೇಡಂ.