ಭಾವಮೈದನ ಸೀಟಿ

ನಗಬೇಡಿ ತಾಯಂದಿರೇ, ಇವತ್ತು ಧರ್ಮವನ್ನು ಕಬಡ್ಡಿ ಅಂಕಣದಲ್ಲಿ ಹುಡುಕೋಣ. ಒಂದು ಊರು, ಅಲ್ಲೊಬ್ಬ ಸಾಹುಕಾರ. ಊರಿನ ಹೈಸ್ಕೂಲಿಗೆ ಅಧ್ಯಕ್ಷನೂ ಅವನೇ. ಅವನ ಮಗಳು ಅದೇ ಹೈಸ್ಕೂಲಿನ ಕಬಡ್ಡಿ ತಂಡದ ನಾಯಕಿ. ಹೋಬಳಿ ಪಂದ್ಯಾವಳಿ ಆ ವರ್ಷ ಅವನ ಊರಲ್ಲೇ ನಡೆಯಿತು. ಫೈನಲ್‌ಗೆ ಬಂದವರು ಇವನ ಶಾಲೆಯ ಹುಡುಗಿಯರು ಮತ್ತು ಪಕ್ಕದೂರಿನ ಸರ್ಕಾರಿ ಶಾಲೆಯ ಹುಡುಗಿಯರು.

ಅಂಪೈರ್ ಯಾರು? ಸಾಹುಕಾರ ಎದ್ದು ನಿಂತ. "ಎಲ್ರಿಗೂ ಊಟ ಹಾಕ್ಸಿರೋನು ನಾನು. ಅಂಪೈರ್‌ನೂ ನಾನೇ ಹಾಕ್ತೀನಿ." ಯಾರನ್ನು ಹಾಕಿದ? ನೋಡಿ, ನಿಮಗಾಗಲೇ ಗೊತ್ತಾಗಿದೆ. ಭಾವಮೈದನನ್ನು! ಹೆಂಡತಿಯ ಖಾಸಾ ತಮ್ಮನನ್ನು!

ಆಟ ಶುರುವಾಯಿತು. ಸರ್ಕಾರಿ ಶಾಲೆಯವರು ಗೆರೆ ತುಳಿದರೆ ಸೀಟಿ. ತುಳಿಯದಿದ್ದರೂ ಸೀಟಿ. ಈ ಕಡೆಯವರು ಗೆರೆ ದಾಟಿ ಹೋಗಿ ನೀರು ಕುಡಿದು ಬಂದರೂ ಸೀಟಿ ಇಲ್ಲ! ಇಷ್ಟಾದರೂ ಕೊನೆಯ ನಿಮಿಷಕ್ಕೆ ಎರಡೂ ತಂಡ ಸಮ ಸಮ. ಆಗ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳು "ಕಬಡ್ಡಿ ಕಬಡ್ಡಿ" ಎನ್ನುತ್ತ ನುಗ್ಗಿ, ಸಾಹುಕಾರನ ಮಗಳ ಹಿಮ್ಮಡಿಗೆ ಬೆರಳು ತಾಗಿಸಿ ವಾಪಸಾದಳು. ಭಾವಮೈದ ಆಕಾಶ ನೋಡುತ್ತಿದ್ದ. "ತಾಗಿಲ್ಲ, ತಾಗಿಲ್ಲ!" ಎಂದ.

ಕಬಡ್ಡಿಯಲ್ಲಿ ಒಂದು ಮರ್ಯಾದೆ ಇದೆ. ತಾಗಿಸಿಕೊಂಡವರು ತಾವೇ ಕೈ ಎತ್ತಿ ಹೊರಗೆ ನಡೆಯುತ್ತಾರೆ. ಆ ಮಗು ಕೈ ಎತ್ತಿತು.

"ಸುಮ್ನಿರೇ, ನಂಗೇನೂ ಕಾಣ್ಲಿಲ್ಲ" ಎಂದು ಮಾವ ಪಿಸುಗುಟ್ಟಿದ.

"ನಿಂಗೆ ಕಾಣ್ಲಿಲ್ಲ ಮಾವ, ನಂಗೆ ತಾಗ್ತಲ್ಲ!"

ಅವಳು ಹೊರಗೆ ನಡೆದೇಬಿಟ್ಟಳು, ಮಾವ ಅಂಕ ಕೊಡಲೇಬೇಕಾಯಿತು. ಸಾಹುಕಾರನ ಶಾಲೆಯವರು ಒಂದೇ ಅಂಕದಿಂದ ಸೋತರು. ಸಾಹುಕಾರ ಕೆಂಡವಾದ. "ಕೈಗೆ ಬಂದಿದ್ದನ್ನ ಕಳಕೊಂಡ್ಯಲ್ಲೇ!" ಮಗಳ ಕಣ್ಣು ತುಂಬಿತು. "ಅಪ್ಪಾ, ನಾವೇ ಆಡಿ ಗೆಲ್ತೀವಿ ಅಂತ ನಿಂಗೆ ನಂಬಿಕೆ ಇರ್ಲಿಲ್ವಾ? ಅದಕ್ಕೇ ಮಾವನ್ನ ಹಾಕ್ದ್ಯಾ?"

ಮಗಳಿಗೆ ಉಪಕಾರ ಮಾಡಿದೆ ಅಂದುಕೊಂಡಿದ್ದ ಅಪ್ಪ, ಅವಳ ಆಟಕ್ಕೇ ಅವಮಾನ ಮಾಡಿದ್ದ.

ಮರುವರ್ಷ ಅವನೇ ಮುಂದೆ ಬಂದ. "ಎರಡೂ ಊರಿಗೆ ಸಂಬಂಧ ಇಲ್ದೋರು ಅಂಪೈರ್ ಆಗ್ಲಿ. ಯಾರು ಅಂತ ನನ್ನ ಕೇಳ್ಲೇಬೇಡಿ." ಮತ್ತೆ ಅದೇ ಎರಡು ತಂಡ. ಈ ಸಲ ಮಗಳು ಗೆದ್ದಳು! ಸೋತ ಹುಡುಗಿಯರೇ ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ಭಾವಮೈದ ಎಲ್ಲಿದ್ದ? ಪಂದ್ಯ ಮುಗಿದ ಮೇಲಿನ ಊಟದಲ್ಲಿ ಪಾಯಸ ಬಡಿಸುತ್ತಿದ್ದ. ಅಕ್ಕನ ಮಗಳ ಎಲೆಗೆ ಎರಡನೇ ಸೌಟು ಸುರಿದ, ಅವಳು ಅಲ್ಲೂ ಕೈ ಎತ್ತಿದಳು. "ಮಾವ, ಪಂಕ್ತಿಭೇದ!" ಕೊನೆಗೆ ಇಡೀ ಸಾಲಿಗೆ ಎರಡೆರಡು ಸೌಟು ಬಡಿಸಬೇಕಾಯಿತು.

ನಕ್ಕಿರಿ, ಸಂತೋಷ. ಈಗ ಹೇಳಿ, ನಿಮ್ಮ ಮನೆಯಲ್ಲಿ ಸೀಟಿ ಯಾರ ಕೈಲಿದೆ? ಮಗಳು ಲೋಟ ಒಡೆದರೆ "ಪಾಪ, ಕೈ ಜಾರಿತು." ಸೊಸೆ ಒಡೆದರೆ ಬೀದಿಗೆಲ್ಲ ಕೇಳುವ ಸೀಟಿ! ಗಂಡಸರೇ, ನೀವು ನಗಬೇಡಿ. ಅಣ್ಣತಮ್ಮಂದಿರ ಜಗಳ ಬಿಡಿಸಲು ಯಾರನ್ನು ಕರೆಸುತ್ತೀರಿ? ನಿಮ್ಮ ಬೀಗರನ್ನೇ ಅಲ್ಲವೇ?

ನಾಳೆಯಿಂದ ಇಷ್ಟು ಮಾಡಿ. ನಿಮ್ಮವರು ಆಡುತ್ತಿರುವಾಗ ಸೀಟಿಯನ್ನು ಬೇರೆಯವರ ಕೈಗೆ ಕೊಡಿ. ಬೇರೆಯವರು ಸಿಗಲಿಲ್ಲವೇ? ನಿಮಗೆ ತಾಗಿದಾಗ ನೀವೇ ಕೈ ಎತ್ತಿ. ಎಲ್ಲಿ, ಈಗಲೇ ಒಮ್ಮೆ ಎತ್ತಿ ನೋಡೋಣ... ಹಾಂ! ಮುಂದಿನ ಸಾಲಲ್ಲಿ ಕೈ ಕಟ್ಟಿ ಕೂತ ಯಜಮಾನರೇ, ನಿಮ್ಮನ್ನೂ ಸೇರಿಸಿಯೇ ಹೇಳಿದ್ದು.